ಒಂದು ಹೂವಿನ ಹೆಸರೂ ಅದರ ಕಾಗುಣಿತವೂ

ನಮ್ಮ ಶಾಲೆಯಲ್ಲಿ ಓದಿ ಹೋದವರೆಲ್ಲರಿಗೂ ಹೆಬ್ಬಾಗಿಲಿನ ಕಮಾನಿನ ಮೇಲೆ ಹಬ್ಬಿರುವ ಬಳ್ಳಿಯ ನೆನಪು ಇದ್ದೇ ಇರುವುದು. ಫೆಬ್ರವರಿ ಮಾರ್ಚಿ ತಿಂಗಳುಗಳಲ್ಲಿ ಹಸುರೇ ಕಾಣದಂತೆ ಬಣ್ಣ ತಳೆದು, ಪರೀಕ್ಷೆಗೆ ಓದುತ್ತಾ ಕುಳಿತ ಬಾಲಿಕೆಯರ ಪುಸ್ತಕಗಳ ಮೇಲೆ ಉದುರುತ್ತಿದ್ದ ಆ ಹೂವನ್ನು ನಾವೆಲ್ಲರೂ ಕಾಗದದ ಹೂವೆಂದು ಕರೆಯುತ್ತೇವೆ. ಜಯನಗರದ ಕಡೆ ಈ ಬಳ್ಳಿ ಇಲ್ಲದ ಬೀದಿಯನ್ನು ಹುಡುಕುವುದೇ ಕಷ್ಟ. ಇಂಗ್ಲಿಷಿನಲ್ಲಿ ಇದಕ್ಕೆ ಬೂಗನ್‌ವಿಲ್ಲಿಯ ಎಂದು ಹೆಸರು. ಈ ಹೆಸರನ್ನು ಬಾಯಿಂದ ಹೇಳಬಲ್ಲವರು ಬಹು ಮಂದಿ. ತಪ್ಪಿಲ್ಲದೆ ಬರೆಯಬಲ್ಲವರು ಬಹು ಸ್ವಲ್ಪ ಮಂದಿ. ಈ ಸ್ಮರಣ ಸಂಚಿಕೆಗಾಗಿ ಏನಾದರೂ ಬರೆಯಬೇಕೆಂದು ಸಮಿತಿಯವರು ಅಪೇಕ್ಷಿಸಿದಾಗ, ಈ ಒಂದು ಪದದ ಕಾಗುಣಿತವನ್ನೇ ಪಾಠವಾಗಿ ಬರೆಯೋಣವೆಂದು ನಿಶ್ಚಯಿಸಿದೆವು. ಹಾಗೆ ನಿಶ್ಚಯಿಸಿದುದಕ್ಕೆ ನಮ್ಮದೇ ಆದ ಒಂದು ಕಾರಣವುಂಟು. ಅದನ್ನು ಪಾಠದ ಕೊನೆಯಲ್ಲಿ ಅರಿಕೆಮಾಡಿಕೊಳ್ಳುವೆವು.

ಕಳೆದ ವರ್ಷ ಒಂಬತ್ತನೆಯ ತರಗತಿಗೆ ಇಂಗ್ಲಿಷ್ ಉಕ್ತಲೇಖನ ಕೊಡುವಾಗ ಈ ಪದವನ್ನೂ ಹೇಳಿದೆವು. ಪುಸ್ತಕಗಳನ್ನು ತಿದ್ದಲು ಕುಳಿತಾಗ ಒಂದೇ ಪದವು ಒಂಬತ್ತು ವಿಧವಾಗಿ ಬರೆಯಲ್ಪಟ್ಟಿರುವುದನ್ನು ಕಂಡೆವು. ಕೆಲವರು ಮೊದಲಿನ ಓ ಅಕ್ಷರವನ್ನು ಬಿಟ್ಟಿದ್ದರು, ಕೆಲವರು ಎರಡು ಎಲ್‌ಗಳಲ್ಲಿ ಒಂದನ್ನು ನುಂಗಿದ್ದರು, ಮತ್ತೆ ಕೆಲವರು ಕೊನೆಯಲ್ಲಿ ಐ ಎ ಎಂದು ಹಾಕಿದ್ದರು. ಒಬ್ಬ ಜಾಣೆಯು ಇಂಗ್ಲಿಷಿನ ಗೊಡವೆಯೇ ಬೇಡವೆಂದು ಕನ್ನಡದಲ್ಲಿ ‘ಕಾಗದದ ಹೂ’ ಎಂದು ಬರೆದಿಟ್ಟಿದ್ದಳು! ಮರುದಿನ ತಪ್ಪುಗಳನ್ನು ತೋರಿಸಿದಾಗ ಅವಳೇ ಎದ್ದು ನಿಂತು, “ಮಿಸ್, ಕನ್ನಡದಲ್ಲಿ ನುಡಿದ ಹಾಗೆಯೇ ಬರೆಯುತ್ತೇವೆ. ಇಂಗ್ಲಿಷಿನವರಿಗೆ ಮಾತ್ರ ಯಾಕೆ ಈ ಹಟ?” ಎಂದು ಕೇಳಿದಳು. ತಾಯಂದಿರೂ ತಂದೆಗಳೂ ಮನೆಯಲ್ಲಿ ಮಕ್ಕಳಿಂದ ಇದೇ ಪ್ರಶ್ನೆಯನ್ನು ಕೇಳಿರಬಹುದು. ಆದಕಾರಣ ಅವಳಿಗೆ ಹೇಳಿದ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತೇವೆ.

ಪದದ ಒಡಲು

ಕನ್ನಡದ ಅಕ್ಷರವು ಹೆಚ್ಚಾಗಿ ನಾಲಿಗೆಯನ್ನು ಹಿಂಬಾಲಿಸುವುದು. ಇಂಗ್ಲಿಷಿನ ಅಕ್ಷರವಾದರೋ ಅನೇಕ ವೇಳೆ ಪದದ ವಂಶವನ್ನು ಹಿಂಬಾಲಿಸುವುದು. ಪದವು ಯಾವ ದೇಶದಿಂದ ಬಂತು, ಯಾರ ಬಾಯಿಂದ ಬಂತು ಎಂಬುದರ ಗುರುತನ್ನು ಅದು ತನ್ನ ಕಾಗುಣಿತದಲ್ಲಿ ಇಟ್ಟುಕೊಂಡಿರುವುದು. ನುಡಿಯುವಾಗ ಕೇಳಿಸದ ಅಕ್ಷರವು ಹಾಗೆ ಇಟ್ಟುಕೊಂಡ ಗುರುತಾಗಿರಬಹುದು. ವಂಶವನ್ನು ತಿಳಿದವರಿಗೆ ಕಾಗುಣಿತವನ್ನು ಬಾಯಿಪಾಠ ಮಾಡುವ ಶ್ರಮ ಅರ್ಧ ಕಡಿಮೆಯಾಗುವುದು.

ಬೂಗನ್‌ವಿಲ್ಲಿಯ ಎಂಬ ಪದದಲ್ಲಿ 13 ಅಕ್ಷರಗಳಿವೆ. ಅವು ಕ್ರಮವಾಗಿ ಬಿ, ಓ, ಯು, ಜಿ, ಎ, ಐ, ಎನ್, ವಿ, ಐ, ಎಲ್, ಎಲ್, ಇ, ಎ. ಇವುಗಳನ್ನು ಮೂರು ತುಂಡುಗಳಾಗಿ ವಿಂಗಡಿಸಿಕೊಳ್ಳತಕ್ಕದ್ದು.

ಮೊದಲನೆಯ ತುಂಡು ಎನ್ ಅಕ್ಷರದ ತನಕ ಇರುವ ಏಳು ಅಕ್ಷರಗಳು. ಇಲ್ಲಿ ಓ ಮತ್ತು ಯು ಕೂಡಿ ‘ಊ’ ಎಂಬ ಧ್ವನಿಯನ್ನು ಕೊಡುತ್ತವೆ. ಇದು ಫ್ರೆಂಚರ ಪದ್ಧತಿ. ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಸೂಪ್, ಗ್ರೂಪ್ ಎಂಬ ಪದಗಳಲ್ಲಿಯೂ ಇದೇ ಓ ಯು ಜೋಡಿಯನ್ನು ಕಾಣುವಿರಿ. ಆಮೇಲೆ ಬರುವ ಎ ಐ ಎನ್ ಎಂಬ ಮೂರು ಅಕ್ಷರಗಳನ್ನು ಫ್ರೆಂಚರು ಮೂಗಿನಿಂದ ನುಡಿಯುತ್ತಾರೆ. ಇಂಗ್ಲಿಷಿನಲ್ಲಿ ಅದು ‘ಅನ್’ ಎಂದಷ್ಟೇ ಉಳಿಯಿತು. ಕ್ಯಾಪ್ಟನ್, ಮೌಂಟನ್, ಫೌಂಟನ್ ಎಂಬ ಪದಗಳ ಕೊನೆಯಲ್ಲಿರುವ ಎ ಐ ಎನ್ ಇದೇ. ಈ ಹೂವು ಯಾರ ಹೆಸರನ್ನು ಹೊತ್ತಿರುವುದೋ ಆತನು ಹಡಗುಗಳ ನಾಯಕನಾಗಿದ್ದನು. ಆದುದರಿಂದ ಕ್ಯಾಪ್ಟನ್ ಎಂಬ ಪದದ ಬಾಲವನ್ನು ನೆನೆದರೆ ಈ ಮೂರು ಅಕ್ಷರಗಳು ಎಂದೂ ತಪ್ಪಲಾರವು.

ಎರಡನೆಯ ತುಂಡು ವಿ, ಐ, ಎಲ್, ಎಲ್, ಇ. ಇದರ ಮೂಲವು ‘ವಿಲ್ಲ’ ಎಂಬ ಲ್ಯಾಟಿನ್ ಪದ. ಅಂದರೆ ಹೊಲಗದ್ದೆಗಳೊಡನೆ ಕೂಡಿದ ಮನೆ. ಫ್ರೆಂಚಿನಲ್ಲಿ ಅದು ಊರು, ಪಟ್ಟಣ ಎಂಬ ಅರ್ಥವನ್ನು ಪಡೆಯಿತು. ಇಂಗ್ಲಿಷಿನ ವಿಲೇಜ್ ಎಂಬುದೂ ಅದೇ ವಂಶದ ಪದ. ಬೂಗನ್‌ವಿಲ್ ಎಂಬ ಹೆಸರಿನ ಒಂದು ಹಳ್ಳಿ ಉತ್ತರ ಫ್ರಾನ್ಸಿನ ಪಿಕಾರ್ಡಿ ಸೀಮೆಯಲ್ಲಿ ಇಂದಿಗೂ ಇದೆ. ನಮ್ಮ ಜೆ. ಪಿ. ನಗರದ ಪಕ್ಕದಲ್ಲಿ ಪುಟ್ಟೇನಹಳ್ಳಿ ಇರುವಂತೆ ಫ್ರಾನ್ಸಿನಲ್ಲಿ ‘ವಿಲ್’ ಎಂದು ಕೊನೆಗೊಳ್ಳುವ ಊರುಗಳು ಲೆಕ್ಕವಿಲ್ಲದಷ್ಟು ಇವೆ. ‘ಹಳ್ಳಿ’ ಎಂಬುದನ್ನು ಒತ್ತಕ್ಷರವಿಲ್ಲದೆ ಬರೆಯಲು ಹೇಗೆ ಬರುವುದಿಲ್ಲವೋ ಹಾಗೆಯೇ ಈ ಪದವನ್ನೂ ಒಂದೇ ಎಲ್ ಅಕ್ಷರದಿಂದ ಬರೆಯಲು ಬರುವುದಿಲ್ಲ. ನಮ್ಮ ಕಾಗದದ ಹೂವಿನ ಹೆಸರಿನೊಳಗೆ ಒಂದು ಹಳ್ಳಿ ಅಡಗಿದೆ ಎಂದು ತಿಳಿದ ಬಳಿಕ ಆ ತರಗತಿಯಲ್ಲಿ ಒಬ್ಬಳೂ ಎಲ್ ಅಕ್ಷರವನ್ನು ಬಿಡಲಿಲ್ಲ.

ಮೂರನೆಯದು ಕೊನೆಯ ಎ. ಇದು ಸಸ್ಯಶಾಸ್ತ್ರದವರು ಅಂಟಿಸಿದ ಲ್ಯಾಟಿನ್ ಪ್ರತ್ಯಯ. ಡಾಲ್ ಎಂಬವರ ಹೆಸರಿನಿಂದ ಡೇಲಿಯ, ಮ್ಯಾಗ್ನೋಲ್ ಎಂಬವರ ಹೆಸರಿನಿಂದ ಮ್ಯಾಗ್ನೋಲಿಯ, ಪಾಯಿನ್ಸೆಟ್ ಎಂಬವರ ಹೆಸರಿನಿಂದ ಪಾಯಿನ್ಸೆಟ್ಟಿಯ ಆದವು. ಅವರ ಹೆಸರುಗಳು ವ್ಯಂಜನದಲ್ಲಿ ಮುಗಿಯುವ ಕಾರಣ ಐ ಎ ಎಂಬ ಎರಡು ಅಕ್ಷರಗಳು ಸೇರಿದವು. ಬೂಗನ್‌ವಿಲ್ ಎಂಬ ಹೆಸರಾದರೋ ಬರವಣಿಗೆಯಲ್ಲಿ ಇ ಅಕ್ಷರದಿಂದಲೇ ಮುಗಿಯುವುದು. ಆದಕಾರಣ ಅದಕ್ಕೆ ಬರಿಯ ಎ ಸೇರಿ ಇ ಎ ಎಂದಾಯಿತು. ಮನುಷ್ಯನ ಹೆಸರನ್ನು ಪೂರ್ತಿಯಾಗಿ ಬರೆದು, ಮುಂದೆ ಒಂದು ಎ ಇಟ್ಟರೆ ಹೂವಿನ ಹೆಸರಾಗುವುದು. ಕಾಗುಣಿತದ ಗುಟ್ಟು ಇಷ್ಟೇ.

ಹೆಸರು ಬಂದ ಬಗೆ

ಲೂಯಿ ಆಂಟ್ವಾನ್ ದ ಬೂಗನ್‌ವಿಲ್ 1729ರಲ್ಲಿ ಹುಟ್ಟಿ 1811ರಲ್ಲಿ ತೀರಿಹೋದ ಫ್ರೆಂಚ್ ನಾವಿಕನು. 1766ರಿಂದ 1769ರ ವರೆಗೆ ಆತನು ‘ಬೂದೂಸ್’, ‘ಎತ್ವಾಲ್’ ಎಂಬ ಎರಡು ಹಡಗುಗಳೊಡನೆ ಭೂಪ್ರದಕ್ಷಿಣೆ ಮಾಡಿದನು. ಎತ್ವಾಲ್ ಹಡಗಿನಲ್ಲಿ ಫಿಲಿಬರ್ ಕಾಮರ್ಸನ್ ಎಂಬ ಸಸ್ಯಶಾಸ್ತ್ರಜ್ಞನಿದ್ದನು. 1767ರಲ್ಲಿ ಹಡಗುಗಳು ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ಬಂದರಿನಲ್ಲಿ ತಂಗಿದ್ದಾಗ ಅಲ್ಲಿ ಈ ಮುಳ್ಳುಬಳ್ಳಿಯ ಮಾದರಿಗಳು ಸಂಗ್ರಹಿಸಲ್ಪಟ್ಟವು. ಕಾಮರ್ಸನ್ ತನ್ನ ನಾಯಕನ ಗೌರವಾರ್ಥವಾಗಿ ಅದಕ್ಕೆ ನಾಯಕನ ಹೆಸರನ್ನೇ ಇಟ್ಟನು. ಆದರೆ ಆ ಹೆಸರು ಅಚ್ಚಾದುದನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ. 1773ರಲ್ಲಿ ಮಾರಿಷಸ್ ದ್ವೀಪದಲ್ಲಿ ಆತನು ಮರಣಹೊಂದಿದನು. ಒಣಗಿಸಿದ ಗಿಡಗಳ ಕಟ್ಟುಗಳು ಮಾತ್ರ ಪ್ಯಾರಿಸಿಗೆ ಹೋದವು.

ಪ್ಯಾರಿಸಿನಲ್ಲಿ ಆಂಟ್ವಾನ್ ಲೋರಾನ್ ದ ಜುಸ್ಯೂ ಎಂಬ ಮಹಾ ಪಂಡಿತನು 1789ರಲ್ಲಿ ಸಸ್ಯಕುಲಗಳನ್ನು ಕುರಿತ ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದನು. ಕಾಗದದ ಹೂವಿನ ಕುಲದ ಹೆಸರು ಮೊದಲು ಅಚ್ಚಾದುದು ಅದರಲ್ಲಿ. ಆದರೆ ಅದು ಅಚ್ಚಾದ ರೂಪವನ್ನು ಕೇಳಿದರೆ ನಮ್ಮ ಒಂಬತ್ತನೆಯ ತರಗತಿಯವರಿಗೆ ಸಮಾಧಾನವಾಗಬಹುದು. ಬಿ ಅಕ್ಷರದ ಮುಂದೆ ಓ ಇಲ್ಲ. ಜಿ ಅಕ್ಷರದ ಮುಂದೆ ಎ ಇಲ್ಲ. ಕೊನೆಯಲ್ಲಿ ಇ ಇರಬೇಕಾದಲ್ಲಿ ಎ ಮತ್ತು ಇ ಕೂಡಿದ ಲ್ಯಾಟಿನ್ ಜೋಡಕ್ಷರ. ಕನ್ನಡದಲ್ಲಿ ಹೇಳುವುದಾದರೆ ‘ಬುಗಿನ್‌ವಿಲ್ಲೇಯ’. ಅಂದರೆ ಈ ಹೆಸರು ಹುಟ್ಟಿದ್ದೇ ನಾವಿಕನ ಹೆಸರಿಗಿಂತ ಬೇರೆಯಾದ ಕಾಗುಣಿತದೊಡನೆ! ಅಲ್ಲಿಂದ ಮುಂದೆ ಒಬ್ಬೊಬ್ಬ ಗ್ರಂಥಕರ್ತರು ಒಂದೊಂದು ವಿಧವಾಗಿ ಬರೆಯುತ್ತಾ ಹೋದರು. 1930ರ ದಶಕದಲ್ಲಿ, ಲಂಡನ್ನಿನ ಕ್ಯೂ ಉದ್ಯಾನದವರು ಪ್ರಕಟಿಸುವ ಸಸ್ಯನಾಮಗಳ ದೊಡ್ಡ ಸೂಚಿಯಲ್ಲಿ, ಈಗಿನ 13 ಅಕ್ಷರಗಳ ರೂಪವು ನೆಲೆಗೊಂಡಿತು. ಮುಂದೆ ಅಂತರರಾಷ್ಟ್ರೀಯ ನಿಯಮಾವಳಿಯೂ ಅದನ್ನೇ ಸಂರಕ್ಷಿತ ರೂಪವೆಂದು ಅಂಗೀಕರಿಸಿತು. ಒಬ್ಬ ದೊಡ್ಡವರ ಕೈಯಿಂದ ಬಿದ್ದ ರೂಪವನ್ನು ಸರಿಪಡಿಸುವುದಕ್ಕೆ 140 ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತೆಂಬುದನ್ನು ವಾಚಕರು ಗಮನಿಸಬೇಕು.

ಎಲ್ಲಾ ಹೆಸರುಗಳಿಗೂ ಈ ಅದೃಷ್ಟವಿಲ್ಲ. ನಮ್ಮ ಆಟದ ಬಯಲಿನ ಅಂಚಿನಲ್ಲಿ ನೆಲಕ್ಕೆ ಹರಡಿಕೊಂಡು ಬೆಳೆಯುವ ಕೊಮ್ಮೆ ಗಿಡವನ್ನು ನೀವೆಲ್ಲರೂ ಬಲ್ಲಿರಿ. ವೈದ್ಯರು ಅದನ್ನು ಪುನರ್ನವವೆನ್ನುತ್ತಾರೆ. ಕಾಗದದ ಹೂ, ಸಂಜೆಮಲ್ಲಿಗೆ, ಕೊಮ್ಮೆ ಇವು ಮೂರೂ ಒಂದೇ ಕುಟುಂಬಕ್ಕೆ ಸೇರಿದ ಸಸ್ಯಗಳು. ಕೊಮ್ಮೆಯ ಶಾಸ್ತ್ರೀಯ ಹೆಸರು ಬೊರ್ಹಾವಿಯ. ಅದು 1738ರಲ್ಲಿ ತೀರಿಹೋದ ಬೊರ್ಹಾವ ಎಂಬ ಡಚ್ ವೈದ್ಯನ ಸ್ಮರಣಾರ್ಥವಾದುದು. ಆತನ ಹೆಸರಿನ ನಡುವೆ ಎರಡು ಎ ಅಕ್ಷರಗಳಿವೆ. 1753ರಲ್ಲಿ ಲಿನೇಯಸ್ ಪಂಡಿತನು ಒಂದೇ ಎ ಹಾಕಿ ಬರೆದನು. ಆ ಒಂದೇ ಎ ಇಂದಿಗೂ ಶಾಸ್ತ್ರಸಮ್ಮತವಾಗಿದೆ; ವೈದ್ಯನ ಹೆಸರನ್ನು ಸರಿಯಾಗಿ ಬಲ್ಲವನು ಎರಡು ಎ ಹಾಕಿದರೆ ಅವನದೇ ತಪ್ಪೆನಿಸಿಕೊಳ್ಳುವುದು. ಒಂದೇ ಕುಟುಂಬದ ಎರಡು ಗಿಡಗಳಲ್ಲಿ ಒಂದರ ಹೆಸರು ತಿದ್ದಲ್ಪಟ್ಟಿತು. ಇನ್ನೊಂದರದು ಹಾಗೆಯೇ ಉಳಿಯಿತು.

ಹೆಸರಿನಲ್ಲಿ ಸೇರದೆ ಹೋದವಳು

ಕಾಗದದ ಹೂವಿನ ವೃತ್ತಾಂತದಲ್ಲಿ ಇನ್ನೊಬ್ಬರಿದ್ದಾರೆ. ಹೆಣ್ಣುಮಕ್ಕಳ ಶಾಲೆಯವರಾದ ನಾವು ಆಕೆಯನ್ನು ಬಿಟ್ಟು ಮುಂದೆ ಹೋಗಲಾಗದು.

ಕಾಮರ್ಸನ್ನನ ಸಂಗಡ ಬಾರೆ ಎಂಬ ಒಬ್ಬ ಸಹಾಯಕನು ಹಡಗನ್ನು ಹತ್ತಿದ್ದನು. ಕಾಮರ್ಸನ್ ಕಾಲಿನ ಹುಣ್ಣಿನಿಂದ ನರಳುತ್ತಿದ್ದುದರಿಂದ, ಗುಡ್ಡಗಾಡುಗಳಲ್ಲಿ ಅಲೆದು ಗಿಡಗಳನ್ನು ಕೊಯ್ಯುವುದು, ಹೊರೆ ಹೊರುವುದು, ಒಣಗಿಸಿ ಕಟ್ಟುವುದು ಮುಂತಾದ ಕೆಲಸದಲ್ಲಿ ಬಹುಭಾಗವು ಈ ಸಹಾಯಕನ ಮೇಲೆ ಬಿತ್ತು. 1768ರಲ್ಲಿ ತಾಹಿತಿ ದ್ವೀಪವನ್ನು ಸೇರಿದಾಗ ಈ ಸಹಾಯಕನು ಗಂಡಸಲ್ಲ, ಹೆಂಗಸೆಂಬುದು ಬಯಲಾಯಿತು. ಆಕೆಯ ನಿಜವಾದ ಹೆಸರು ಝಾನ್ ಬಾರೆ. 1740ರಲ್ಲಿ ಫ್ರಾನ್ಸಿನ ಬರ್ಗಂಡಿ ಸೀಮೆಯ ಒಂದು ಬಡಕುಟುಂಬದಲ್ಲಿ ಹುಟ್ಟಿ, ಕಾಮರ್ಸನ್ನನ ಮನೆವಾರ್ತೆ ನೋಡಿಕೊಳ್ಳುತ್ತಿದ್ದವಳು. ಫ್ರೆಂಚ್ ನೌಕಾಬಲದ ಹಡಗುಗಳಲ್ಲಿ ಹೆಂಗಸರು ಪ್ರಯಾಣ ಮಾಡಕೂಡದೆಂಬ ಕಟ್ಟಳೆ ಇದ್ದುದರಿಂದ ಗಂಡುಡುಗೆ ತೊಟ್ಟಿದ್ದಳು. ರಿಯೊದಲ್ಲಿ ಈ ಬಳ್ಳಿಯನ್ನು ಮೊದಲು ಕಂಡು ಕೊಯ್ದವಳು ಆಕೆಯೇ ಆಗಿರಬಹುದೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ಅದು ಊಹೆಯೇ ಹೊರತು ನಿಶ್ಚಯವಾದ ಸಂಗತಿಯಲ್ಲ. ಆಕೆಯ ದುಡಿಮೆಯಾದರೋ ನಿಶ್ಚಯವಾದುದು. ಬೂಗನ್‌ವಿಲ್ ತಾನೇ 1771ರಲ್ಲಿ ಅಚ್ಚುಹಾಕಿಸಿದ ಪ್ರವಾಸಗ್ರಂಥದಲ್ಲಿ ಆಕೆಯ ಸಂಗತಿಯನ್ನು ಬರೆದಿದ್ದಾನೆ.

ಕಾಮರ್ಸನ್ ಸತ್ತ ಮೇಲೆ ಆಕೆ 1774ರಲ್ಲಿ ಮಾರಿಷಸ್ಸಿನಲ್ಲಿ ಮದುವೆಯಾಗಿ, ಮುಂದಿನ ವರ್ಷದ ಸುಮಾರಿಗೆ ಫ್ರಾನ್ಸಿಗೆ ಮರಳಿದಳು. ಹೀಗೆ ಭೂಮಿಯನ್ನು ಸುತ್ತಿ ಬಂದ ಹೆಂಗಸರಲ್ಲಿ ನಮಗೆ ತಿಳಿದ ಮಟ್ಟಿಗೆ ಆಕೆಯೇ ಮೊದಲಿಗಳು. 1785ರಲ್ಲಿ ಫ್ರೆಂಚ್ ಸರ್ಕಾರವು ಆಕೆಗೆ ವರ್ಷಕ್ಕೆ 200 ಲೀವ್ರ್ ಪಿಂಚಣಿಯನ್ನು ಮಂಜೂರು ಮಾಡಿತು. 1807ರಲ್ಲಿ ಆಕೆ ತೀರಿಹೋದಳು.

ಆಕೆಯ ಹೆಸರಿನ ಗತಿ ಏನಾಯಿತು? ಕಾಮರ್ಸನ್ ಒಂದು ಗಿಡದ ಕುಲಕ್ಕೆ ಆಕೆಯ ಹೆಸರನ್ನು ಇಟ್ಟಿದ್ದನು. ಆದರೆ ಆ ಗಿಡವು ಬೇರೆ ಹೆಸರಿನ ಕುಲಕ್ಕೆ ಸೇರಿಹೋದದ್ದರಿಂದ ಅದು ನಿಲ್ಲಲಿಲ್ಲ. ಇನ್ನು ಕಾಗದಪತ್ರಗಳಲ್ಲಿ ಆಕೆಯ ಹೆಸರು ಒಂದು ಕಡೆ ಒಂದು ಆರ್ ಅಕ್ಷರದಿಂದ, ಒಂದು ಕಡೆ ಎರಡು ಆರ್ ಅಕ್ಷರಗಳಿಂದ, ಮತ್ತೊಂದು ಕಡೆ ಕೊನೆಯ ಟಿ ಅಕ್ಷರವೇ ಇಲ್ಲದೆ ಬರೆಯಲ್ಪಟ್ಟಿದೆ. 2012ರಲ್ಲಿ ಮಾತ್ರ, ದಕ್ಷಿಣ ಅಮೆರಿಕದ ಈಕ್ವೆಡಾರ್ ಮತ್ತು ಪೆರು ದೇಶಗಳಲ್ಲಿ ಬೆಳೆಯುವ, ಬದನೆ ಆಲೂಗೆಡ್ಡೆಗಳ ಕುಲಕ್ಕೆ ಸೇರಿದ ಒಂದು ಸಸ್ಯಕ್ಕೆ ವಿಜ್ಞಾನಿಗಳು ‘ಸೊಲಾನಮ್ ಬರೆಟಿಯೆ’ ಎಂದು ಹೆಸರಿಟ್ಟರು. ಆಕೆ ಸತ್ತು ಆಗ 205 ವರ್ಷಗಳಾಗಿದ್ದವು.

ಕಾಗದದ ಹೂವನ್ನು ಕೈಯಲ್ಲಿ ಹಿಡಿದು ನೋಡಿರಿ. ನಾವು ಹೂವೆಂದು ಮೆಚ್ಚುವ ಬಣ್ಣದ ಭಾಗವು ನಿಜವಾಗಿ ಹೂವಲ್ಲ. ಅವು ಬಣ್ಣ ಪಡೆದ ಮೂರು ಎಲೆಗಳು. ನಿಜವಾದ ಹೂಗಳು ಅವುಗಳ ನಡುವೆ ಸಣ್ಣ ಬಿಳಿಯ ಕೊಳವೆಗಳಂತೆ ಇರುತ್ತವೆ. ಹತ್ತಿರ ಹೋಗಿ ನೋಡಿದವರಿಗಲ್ಲದೆ ಅವು ಕಾಣುವುದಿಲ್ಲ. ಈ ಪಾಠವನ್ನು ಹೇಳುವಾಗೆಲ್ಲಾ ನಮಗೆ ಆ ಬಿಳಿಯ ಹೂವಿನೊಡನೆ ಝಾನ್ ಬಾರೆಯ ನೆನಪು ಬರುವುದು.

ನಮ್ಮ ಊರಿನಲ್ಲಿ

ಇಂಥಾ ಸಂಗತಿಗಳಿಗಾಗಿ ಫ್ರಾನ್ಸಿಗೆ ಹೋಗಬೇಕಾಗಿಲ್ಲ. ಲಾಲ್‌ಬಾಗಿನ ಪಕ್ಕದಲ್ಲಿ ಒಂದು ರಸ್ತೆಯುಂಟು. 1908ರಲ್ಲಿ ಬೆಂಗಳೂರಿಗೆ ಬಂದು, 1932ರ ವರೆಗೆ ಲಾಲ್‌ಬಾಗನ್ನೂ ಮೈಸೂರು ಸಂಸ್ಥಾನದ ಉದ್ಯಾನಗಳನ್ನೂ ನೋಡಿಕೊಂಡು, ನಮ್ಮ ಬೀದಿಗಳಿಗೆ ನೆರಳನ್ನೂ ಹೂವನ್ನೂ ಕೊಟ್ಟು, 1956ರಲ್ಲಿ ಈ ಊರಿನಲ್ಲಿಯೇ ಕಣ್ಣುಮುಚ್ಚಿದ ಜರ್ಮನ್ ತೋಟಗಾರ ಗುಸ್ತಾವ್ ಹರ್ಮನ್ ಕ್ರುಂಬೀಗೆಲ್ ಅವರ ಹೆಸರನ್ನು ಆ ರಸ್ತೆಗೆ ಇಡಲಾಗಿದೆ. ಆದರೆ ಆ ರಸ್ತೆಯ ವಿಳಾಸವನ್ನು ಇಂಗ್ಲಿಷಿನಲ್ಲಿ ಬರೆಯುವವರು ಹೆಚ್ಚಾಗಿ ನಡುವಣ ಇ ಅಕ್ಷರವನ್ನು ಬಿಟ್ಟು, ಕೊನೆಯ ಇ ಅಕ್ಷರದ ಸ್ಥಾನದಲ್ಲಿ ಎ ಹಾಕಿ ‘ಕ್ರುಂಬಿಗಲ್’ ಮಾಡಿಬಿಡುತ್ತಾರೆ. ನೆರಳಿನಲ್ಲಿ ನಡೆಯುವವರು ನಾವು. ನೆರಳಿನ ಏರ್ಪಾಡು ಮಾಡಿದವರ ಹೆಸರನ್ನು ಪೂರ್ತಿಯಾಗಿ ಬರೆಯುವಷ್ಟು ವ್ಯವಧಾನ ನಮಗಿಲ್ಲ. ನಮ್ಮ ಊರಿನ ಹೆಸರೇ ಇಂಗ್ಲಿಷಿನಲ್ಲಿ ಬಹುಕಾಲ ಬ್ಯಾಂಗಲೂರ್ ಆಗಿದ್ದು, 2014ರ ನವೆಂಬರ್ 1ರಂದು ಅಧಿಕೃತವಾಗಿ ಬೆಂಗಳೂರು ಆಯಿತಲ್ಲವೇ? ಊರಿಗೊಂದು ಸರ್ಕಾರವಿದ್ದುದರಿಂದ ಅದರ ಹೆಸರು ಸರಿಯಾಯಿತು. ಒಬ್ಬ ಬಾಲಿಕೆಯ ಹೆಸರನ್ನು ಸರಿಪಡಿಸುವವರು ಯಾರು?

ನಮ್ಮದೇ ತಪ್ಪು

ಆರಂಭದಲ್ಲಿ ಹೇಳಿದ ಕಾರಣವನ್ನು ಈಗ ಅರಿಕೆಮಾಡಿಕೊಳ್ಳುತ್ತೇವೆ. ನಾವು ಉಪಾಧ್ಯಾಯಿನಿಯಾಗಿ ಕೆಲಸಕ್ಕೆ ಸೇರಿದ ಮೊದಲನೆಯ ವರ್ಷ, ಅಕ್ಷರ ದುಂಡಾಗಿದೆಯೆಂಬ ಕಾರಣದಿಂದ ದಾಖಲಾತಿಯ ರಿಜಿಸ್ಟರನ್ನು ಬರೆಯುವ ಕೆಲಸವು ನಮಗೆ ಒಪ್ಪಿಸಲ್ಪಟ್ಟಿತು. ಸಾಲಿನಲ್ಲಿ ನಿಂತಿದ್ದ ಒಬ್ಬ ಬಾಲಿಕೆಯು ಮೆಲುದನಿಯಲ್ಲಿ ತನ್ನ ಹೆಸರನ್ನು ಹೇಳಿದಳು. ನಾವು ಕೈಯಲ್ಲಿದ್ದ ಕಾಗದವನ್ನು ನೋಡದೆ, ಕಿವಿಗೆ ಕೇಳಿದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡೆವು. ಜೋಡಿಯಾಗಿ ಇರಬೇಕಾದ ಅಕ್ಷರವು ಒಂಟಿಯಾಯಿತು. ಆ ರಿಜಿಸ್ಟರಿನಿಂದ ಎಸ್. ಎಸ್. ಎಲ್. ಸಿ. ಪರೀಕ್ಷೆಯ ಅರ್ಜಿಗೆ, ಅರ್ಜಿಯಿಂದ ಅಂಕಪಟ್ಟಿಗೆ, ಅಂಕಪಟ್ಟಿಯಿಂದ ನರ್ಸಿಂಗ್ ವ್ಯಾಸಂಗದ ಪ್ರಮಾಣಪತ್ರಗಳಿಗೆ ಆ ಒಂಟಿ ಅಕ್ಷರವೇ ನಡೆದುಹೋಯಿತು.

ಹನ್ನೊಂದು ವರ್ಷಗಳ ಮೇಲೆ ಆಕೆ ನಮ್ಮನ್ನು ನೋಡಲು ಬಂದಳು. ಹೊರದೇಶದ ಒಂದು ಆಸ್ಪತ್ರೆಯಲ್ಲಿ ಕೆಲಸ ದೊರೆತಿತ್ತು. ಆದರೆ ಜನನದ ಪ್ರಮಾಣಪತ್ರದಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಹೆಸರು. ಇಬ್ಬರೂ ಒಬ್ಬಳೇ ಎಂದು ನಂಬಿಸುವುದಕ್ಕಾಗಿ ಅಫಿಡವಿಟ್ಟು, ಅರ್ಜಿ, ಮತ್ತೆ ಅರ್ಜಿ. ನಾವೂ ಆಕೆಯ ಸಂಗಡ ಓಡಾಡಿದೆವು. ಹೆಸರು ಸರಿಹೋಗುವ ವೇಳೆಗೆ ಆ ಕೆಲಸವು ಬೇರೊಬ್ಬರ ಪಾಲಾಗಿತ್ತು. ತಂದೆಯಿಲ್ಲದ ಆ ಮನೆಯಲ್ಲಿ ಆಕೆಯ ಸಂಬಳವನ್ನೇ ನೆಚ್ಚಿಕೊಂಡು ತಂಗಿಯ ಕಾಲೇಜು ನಿಂತಿತ್ತೆಂದು ನಮಗೆ ಆಮೇಲೆ ತಿಳಿಯಿತು.

“ಆ ದಿನ ಬರೆಯುವಾಗ ನೀನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆಯಲ್ಲಮ್ಮಾ, ತಪ್ಪೆಂದು ಏಕೆ ಹೇಳಲಿಲ್ಲ?” ಎಂದು ಕೇಳಿದೆವು.

“ನೋಡಿದೆ ಮಿಸ್. ಆದರೆ ಮಿಸ್ ಬರೆದದ್ದು ತಪ್ಪಿರಲಾರದು, ಇಷ್ಟು ದಿನ ನಮ್ಮ ಮನೆಯವರೇ ತಪ್ಪು ಬರೆಯುತ್ತಿದ್ದಾರೆ ಎಂದುಕೊಂಡೆ,” ಎಂದಳು.

ಆ ಮಾತನ್ನು ನಾವು ಮರೆತಿಲ್ಲ. ಪ್ಯಾರಿಸಿನ ಪಂಡಿತನ ಗ್ರಂಥವನ್ನು ನೋಡಿ ನಾವಿಕನ ಹೆಸರನ್ನೇ ಸಂದೇಹಪಟ್ಟವರು ಎಷ್ಟು ಮಂದಿಯೋ! ಕಲಿಯುವವಳ ತಪ್ಪು ಕೆಂಪು ಮಸಿಯಿಂದ ಮರುದಿನವೇ ತಿದ್ದಲ್ಪಡುವುದು. ಕಲಿಸುವವರ ತಪ್ಪಾದರೋ ಸರಿಯೆಂಬ ವೇಷದಲ್ಲಿ ಬಹುದೂರ ನಡೆಯುವುದು. ಆದಕಾರಣ ಯಾರ ಬರಹವನ್ನು ನಾಲ್ಕು ಜನರು ನಂಬುತ್ತಾರೋ ಅವರು ಎಲ್ಲರಿಗಿಂತ ಹೆಚ್ಚು ಎಚ್ಚರದಿಂದ ಬರೆಯತಕ್ಕದ್ದು. ಸಂದೇಹ ಬಂದಲ್ಲಿ ಹೆಸರಿನ ಒಡೆಯರನ್ನೇ ಕೇಳತಕ್ಕದ್ದು.

ಅಂದಿನಿಂದ ನಮ್ಮ ಶಾಲೆಯಲ್ಲಿ ಒಂದು ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ದಾಖಲಾತಿಯ ದಿನ ಬಾಲಿಕೆಯು ತನ್ನ ಹೆಸರನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ತಾನೇ ಒಂದು ಹಾಳೆಯಲ್ಲಿ ಬರೆಯುವಳು. ಜನನದ ಪ್ರಮಾಣಪತ್ರದೊಡನೆ ಅದನ್ನು ಹೋಲಿಸಿದ ಬಳಿಕ ರಿಜಿಸ್ಟರಿನಲ್ಲಿ ಬರೆದು, ಒಂದೊಂದು ಅಕ್ಷರವನ್ನೂ ಗಟ್ಟಿಯಾಗಿ ಓದಿ ಹೇಳುವೆವು. ತಾಯಿಯೋ ತಂದೆಯೋ ಕೇಳಿ ಸಮ್ಮತಿಸಿದ ಮೇಲೆಯೇ ಮುಂದಿನ ಹೆಸರು. ಸಾಲು ನಿಧಾನವಾಗಿ ಸಾಗುವುದೆಂದು ಕೆಲವು ಪೋಷಕರು ಬೇಸರಪಡುವುದುಂಟು. ಅವರು ಈ ಪಾಠವನ್ನು ಓದಿ ನಮ್ಮನ್ನು ಕ್ಷಮಿಸಬೇಕು.

ಹಳೆಯ ವಿದ್ಯಾರ್ಥಿನಿಯರಲ್ಲಿಯೂ ನಮ್ಮದೊಂದು ಕೋರಿಕೆ. ನಿಮ್ಮ ಹೆಸರು ನಮ್ಮ ದಾಖಲೆಗಳಲ್ಲಿ ಹೇಗಿದೆಯೆಂದು ಒಮ್ಮೆ ಬಂದು ನೋಡಿಕೊಳ್ಳಿರಿ. ತಪ್ಪಿದ್ದರೆ ಸಂಕೋಚಪಡದೆ ಹೇಳಿರಿ. ಬರೆದವರು ನಾವೇ ಆಗಿದ್ದರೂ ಹೇಳಿರಿ. ನಿಮ್ಮ ಮಕ್ಕಳಿಗೂ ಇದನ್ನು ಕಲಿಸಿರಿ: ದೊಡ್ಡವರು ತಮ್ಮ ಹೆಸರನ್ನು ತಪ್ಪಾಗಿ ಬರೆದಾಗ ವಿನಯದಿಂದ ತಿದ್ದುವುದು ಅವಿಧೇಯತೆಯಲ್ಲ.

ಬರುವಾಗ ಹೆಬ್ಬಾಗಿಲಿನ ಬಳಿ ಒಂದು ಗಳಿಗೆ ನಿಂತು, ಬಳ್ಳಿಯನ್ನು ನೋಡುತ್ತಾ ಆ 13 ಅಕ್ಷರಗಳನ್ನು ಮನಸ್ಸಿನಲ್ಲಿಯೇ ಬರೆದು ನೋಡಿಕೊಳ್ಳಿರಿ. ಕಚೇರಿಯಲ್ಲಿ ನಿಮಗಾಗಿ ಒಂದು ಚಿಕ್ಕ ಉಕ್ತಲೇಖನ ಕಾದಿರುವುದು.